ಕಿಡಿಯ ಪಕ್ಕದಲ್ಲಿ ಹಾಡು

ಪೆಟ್ರೋಲ್ ಕಾರಿನ ಬಾನೆಟ್ ಕೆಳಗೆ ಒಂದು ರೇಡಿಯೊ ಸ್ಟೇಷನ್ ಇದೆ. ಅಂಗಡಿಗೆ ಕೆಲಸ ಕಲಿಯಲು ಬಂದ ಹುಡುಗರಿಗೆಲ್ಲ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. 1887ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಲೋಹದ ಎರಡು ಗುಂಡುಗಳ ನಡುವೆ ಕಿಡಿ ಹಾರಿಸಿ ರೇಡಿಯೊ ಅಲೆ ಎಬ್ಬಿಸಿದರು. 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಅಂಥದೇ ಕಿಡಿಯಿಂದ ಗೋಡೆಯಾಚೆಯ ಗಂಟೆ ಬಾರಿಸಿ ತೋರಿಸಿದರು. ಸ್ಪಾರ್ಕ್ ಪ್ಲಗ್ ಮಾಡುವ ಕೆಲಸವೂ ಅದೇ. ನಾಲ್ಕು ಸಿಲಿಂಡರಿನ ಎಂಜಿನ್ ಸುಮ್ಮನೆ ನಿಂತು 750 ಸುತ್ತು ತಿರುಗುತ್ತಿದ್ದರೂ ಸೆಕೆಂಡಿಗೆ 25 ಕಿಡಿ. 3000 ಸುತ್ತಿಗೆ ಹೋದರೆ 100. ಪ್ರತಿ ಕಿಡಿಯ ಹಿಂದೆ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ, ಪ್ರತಿ ಪ್ಲಗ್ ವೈರೂ ಒಂದೊಂದು ಏರಿಯಲ್. ಅದರಿಂದ ಮೂರು ನಾಲ್ಕು ಅಡಿ ದೂರದಲ್ಲಿ ಸೆಟ್ ಕೂರಿಸಿ, ನೂರಾರು ಮೈಲಿ ಆಚೆಯಿಂದ ಬರುವ ದನಿಯನ್ನು ಕೇಳಬೇಕು. ನಮ್ಮ ಕಸುಬು ಹುಟ್ಟಿದ್ದೇ ಈ ಸಂಕಟದಿಂದ.

ಹುಟ್ಟಿದ್ದು ಅಮೆರಿಕದಲ್ಲಿ. ಶಿಕಾಗೊದಲ್ಲಿ ಪಾಲ್ ಗ್ಯಾಲ್ವಿನ್, ಜೋಸೆಫ್ ಗ್ಯಾಲ್ವಿನ್ ಎಂಬ ಅಣ್ಣತಮ್ಮಂದಿರು 1928ರಲ್ಲಿ ಸಣ್ಣದೊಂದು ಕಾರ್ಖಾನೆ ತೆರೆದರು. ಮನೆಯ ರೇಡಿಯೊ ಬ್ಯಾಟರಿ ಇಲ್ಲದೆ ಮನೆಯ ಕರೆಂಟಿನಲ್ಲೇ ಓಡುವಂತೆ ಮಾಡುವ ಪೆಟ್ಟಿಗೆ ತಯಾರಿಸುವುದು ಅವರ ಕೆಲಸ. ಮರುವರ್ಷ ಅಮೆರಿಕದ ಷೇರುಪೇಟೆ ಕುಸಿಯಿತು, ಹೊಸ ದಾರಿ ಹುಡುಕಲೇಬೇಕಾಯಿತು. ಕಾರಿಗೆ ರೇಡಿಯೊ ಹಾಕುವ ಪ್ರಯತ್ನಗಳು ಅದಕ್ಕೂ ಮೊದಲೇ ನಡೆದಿದ್ದವು. ಆದರೆ ದುಬಾರಿ, ಮೇಲೆ ಗದ್ದಲ. ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಎಂಬ ತರುಣರನ್ನು ಜತೆಗೆ ಸೇರಿಸಿಕೊಂಡು ಗ್ಯಾಲ್ವಿನ್ ತಮ್ಮದೇ ಸ್ಟುಡೆಬೇಕರ್ ಕಾರಿಗೆ ಸೆಟ್ ಅಳವಡಿಸಿದರು. 1930ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೊ ತಯಾರಕರ ಸಮ್ಮೇಳನ ನಡೆದಾಗ ಆ ಕಾರನ್ನು ಅಲ್ಲಿಗೇ ಓಡಿಸಿಕೊಂಡು ಹೋಗಿ, ಮಳಿಗೆ ಹಾಕಲು ದುಡ್ಡಿಲ್ಲದೆ ಹೊರಗೇ ನಿಲ್ಲಿಸಿ, ಬಂದುಹೋಗುವವರಿಗೆ ಕೇಳಿಸಿದರು. ಅದೇ ಮೋಟೊರೋಲಾ. ಬೆಲೆ 110ರಿಂದ 130 ಡಾಲರ್. ಹೊಸ ಕಾರಿನ ಬೆಲೆಯಲ್ಲಿ ಸುಮಾರು ಐದನೇ ಒಂದು ಪಾಲು.

ಅವರ ಸಾಹಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸೆಟ್ ಅಲ್ಲ, ಅದರ ಸುತ್ತ ಮಾಡಿದ ಕೆಲಸ. ಆಗ ಕಾರಿನ ಚಾವಣಿ ಬಟ್ಟೆಯದು. ಅದರೊಳಗೆ ತಂತಿಬಲೆ ಹೊಲಿದು ಏರಿಯಲ್ ಮಾಡುತ್ತಿದ್ದರು. 1935ರ ಹೊತ್ತಿಗೆ ಚಾವಣಿಯೇ ಉಕ್ಕಿನದಾಗಿ ಬಲೆ ಕುರುಡಾಯಿತು, ಏರಿಯಲ್ ಮೊದಲು ಕಾಲುಮೆಟ್ಟಿನ ಕೆಳಗೆ, ಆಮೇಲೆ ಕಡ್ಡಿಯಾಗಿ ಹೊರಗೆ ಬಂತು. ಪ್ಲಗ್ಗುಗಳಿಗೂ ಡಿಸ್ಟ್ರಿಬ್ಯೂಟರಿಗೂ ರೆಸಿಸ್ಟರ್ ಸಿಕ್ಕಿಸಿದರು, ಡೈನಮೊಗೆ ಕಂಡೆನ್ಸರ್ ಕಟ್ಟಿದರು. 6 ವೋಲ್ಟ್ ಬ್ಯಾಟರಿಯಿಂದ ವಾಲ್ವುಗಳಿಗೆ ಬೇಕಾದ ಹೆಚ್ಚು ವೋಲ್ಟ್ ತೆಗೆಯಲು ವೈಬ್ರೇಟರ್ ಬಂತು. ಅದು ತನ್ನದೇ ಗುಂಯ್‌ಗುಡುವಿಕೆ ತಂದಿತು. ಆ ಸದ್ದು ಹೋಗಿದ್ದು 1955ರಲ್ಲಿ, ಫಿಲ್ಕೊ ಕಂಪನಿ ಕ್ರೈಸ್ಲರ್ ಕಾರುಗಳಿಗೆ ಪೂರ್ತಿ ಟ್ರಾನ್ಸಿಸ್ಟರಿನ ರೇಡಿಯೊ ಮಾಡಿಕೊಟ್ಟ ಮೇಲೆ. ಅಷ್ಟರಲ್ಲಿ ಸರ್ಕಾರಗಳೂ ಎಚ್ಚೆತ್ತಿದ್ದವು. ರಸ್ತೆಯಲ್ಲಿ ಹೋಗುವ ಕಾರಿನ ಕಿಡಿ ಅಕ್ಕಪಕ್ಕದ ಮನೆಗಳ ಟಿವಿಯನ್ನು ಕೆಡಿಸುತ್ತದೆಂದು ಬ್ರಿಟನ್ 1952ರಲ್ಲಿ ಇಗ್ನಿಷನ್ ಗದ್ದಲಕ್ಕೇ ನಿಯಮ ಮಾಡಿತು.

ಬೆಂಗಳೂರಿನ ಜೆ.ಸಿ. ರೋಡಿಗೆ ನಾನು ಕೆಲಸಕ್ಕೆ ಸೇರಿದಾಗ ಅಂಬಾಸಿಡರ್, ಫಿಯೆಟ್‌ಗಳದೇ ಕಾಲ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯ ಲೈಸೆನ್ಸ್ ಬೇಕಿತ್ತು. ಕೇಳುವುದು ಮೀಡಿಯಂ ವೇವ್. ಧಾರವಾಡದ ಕಡೆ ಹೊರಟವರಿಗೆ ಊರು ಬಿಡುವಾಗ ಬೆಂಗಳೂರು 612 ಕಿಲೊಹರ್ಟ್ಸ್, ನಡುವೆ ಭದ್ರಾವತಿ 675, ಕೊನೆಗೆ ಧಾರವಾಡ 765. ಆಯಾ ಸ್ಟೇಷನ್ ಹತ್ತಿರವಿದ್ದಾಗ ಎಂಜಿನ್ ಸದ್ದು ಮುಚ್ಚಿಹೋಗುತ್ತಿತ್ತು. ದೂರವಾದಂತೆ ಕಿಡಿಯ ಟಿಕ್‌ಟಿಕ್ ಮೇಲೇಳುತ್ತಿತ್ತು. ಅದಕ್ಕೇ ಗಿರಾಕಿಗಳು ಯಾವಾಗಲೂ ಊರಿಂದ ವಾಪಸ್ ಬಂದ ಮೇಲೆ ದೂರು ತರುತ್ತಿದ್ದರು.

ನಮ್ಮ ಉಸ್ತಾದರು ಸ್ಪ್ಯಾನರ್ ಮುಟ್ಟಲು ಬಿಡುವ ಮುಂಚೆ ಸೀಟಿನಲ್ಲಿ ಕೂರಿಸುತ್ತಿದ್ದರು. "ಏರಿಯಲ್ ಪಿನ್ ಎಳಿಯೋ. ಸದ್ದು ಹೋಯ್ತಾ? ಗಾಳೀಲಿ ಬರ್ತಿದೆ. ಹೋಗ್ಲಿಲ್ವಾ? ವೈರಲ್ಲಿ ಬರ್ತಿದೆ." ಮುಂದಿನ ಪರೀಕ್ಷೆಗೆ ಎಂಜಿನ್ ರೇಸ್ ಮಾಡಿ, ರೇಡಿಯೊ ಹಾಗೇ ಓಡುತ್ತಿರಲು ಇಗ್ನಿಷನ್ ಆಫ್ ಮಾಡಿಸುತ್ತಿದ್ದರು. ಟಿಕ್‌ಟಿಕ್ ಥಟ್ಟನೆ ನಿಂತರೆ ಕಿಡಿಯದು. ಕುಂಯ್ ಎಂಬುದು ಎಂಜಿನ್ ಇಳಿದಂತೆ ಇಳಿದು ಸತ್ತರೆ ಡೈನಮೊದು. ಇನ್ನೊಂದು ಸದ್ದು ಎಂಜಿನ್ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಇಳಿಜಾರು ಬಿಟ್ಟರೂ ಚರಚರ ಅನ್ನುತ್ತಲೇ ಇರುತ್ತದೆ, ಮಳೆಯಲ್ಲಿ ಮಾಯವಾಗುತ್ತದೆ, ಬ್ರೇಕ್ ಸ್ವಲ್ಪ ಒತ್ತಿದರೂ ಮಾಯ. ಅದು ಚಕ್ರದ್ದು. ಒಣ ರಸ್ತೆಯಲ್ಲಿ ಟೈರು ತಿಕ್ಕಿ ಸ್ಥಾಯಿ ವಿದ್ಯುತ್ತು ಸೇರುತ್ತದೆ. ಮುಂದಿನ ಚಕ್ರದ ಬೇರಿಂಗಿನ ಗ್ರೀಸು ಅದನ್ನು ಬಾಡಿಗೆ ಇಳಿಯಲು ಬಿಡುವುದಿಲ್ಲ. ಗ್ರೀಸ್ ಕ್ಯಾಪಿನೊಳಗೆ ಒಂದು ಸ್ಪ್ರಿಂಗ್ ಕೂರಿಸಿದರೆ ಮುಗಿಯಿತು. ಯಾವ ಮೀಟರೂ ಇಲ್ಲದೆ ಕಿವಿಯೊಂದರಿಂದಲೇ ಇಷ್ಟನ್ನು ಬಿಡಿಸಿ ಹೇಳುತ್ತಿದ್ದ ಉಸ್ತಾದರನ್ನು ನಾನು ಈಗಲೂ ಎಂಜಿನಿಯರ್ ಎಂದೇ ಎಣಿಸುತ್ತೇನೆ.

ಕಂಡೆನ್ಸರ್ ಎಲ್ಲಿ ಕಟ್ಟಬೇಕು ಎಂಬುದರಲ್ಲಿ ಅವರು ಬಹಳ ಕಟ್ಟುನಿಟ್ಟು. ಕಾಯಿಲಿನಲ್ಲಿ ಬ್ಯಾಟರಿ ಕಡೆಯ ಟರ್ಮಿನಲ್ಲಿಗೆ. ಪಾಯಿಂಟ್ ಕಡೆಗೆ ಕಟ್ಟಿದರೆ ಕಿಡಿ ಬಡವಾಗುತ್ತದೆ. ಡೈನಮೊದಲ್ಲಿ ದೊಡ್ಡ ಟರ್ಮಿನಲ್ಲಿಗೆ. ಫೀಲ್ಡಿಗೆ ಕಟ್ಟಿದರೆ ರೆಗ್ಯುಲೇಟರಿನ ಪಾಯಿಂಟ್ ಸುಡುತ್ತದೆ. ಬಾನೆಟ್ಟಿನ ಕೀಲಿಗೆಲ್ಲ ಬಣ್ಣ ಹತ್ತಿರುವುದರಿಂದ ಆ ದೊಡ್ಡ ತಗಡು ಬಾಡಿಯಿಂದ ಬೇರೆಯಾಗಿ ತಾನೇ ಏರಿಯಲ್ ಆಗಿಬಿಡುತ್ತದೆ. ತಾಮ್ರದ ಹೆಣೆದ ಪಟ್ಟಿಯಿಂದ ಅದಕ್ಕೆ ಅರ್ತ್ ಕೊಡಬೇಕು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡೈನಮೊದ ಬದಲು ಆಲ್ಟರ್ನೇಟರ್ ಹೊತ್ತುಕೊಂಡು. ಅಮೆರಿಕದಲ್ಲಿ ಕ್ರೈಸ್ಲರ್ 1960ರಲ್ಲೇ ತನ್ನ ವೇಲಿಯಂಟ್ ಕಾರಿಗೆ ಅದನ್ನು ಹಾಕಿತ್ತು. ಕಾರಿಗೆ ಆಲ್ಟರ್ನೇಟರ್ ಬೆಳೆಸಿಕೊಟ್ಟವರಲ್ಲಿ ಮೋಟೊರೋಲಾದ ವೇವರಿಂಗ್ ಕೂಡ ಒಬ್ಬರು. 1930ರಲ್ಲಿ ಸ್ಟುಡೆಬೇಕರಿನ ಕಿಡಿಯನ್ನು ಸುಮ್ಮನಾಗಿಸಿದ ಅದೇ ವೇವರಿಂಗ್. ಒಂದು ಗದ್ದಲ ಇಳಿಸಿದವರ ಕೈಯಿಂದಲೇ ಮುಂದಿನ ಪೀಳಿಗೆಯ ಗದ್ದಲವೂ ಬಂತು. ಆಲ್ಟರ್ನೇಟರ್ ಮೂರು ಫೇಸಿನ ಎ.ಸಿ. ಹುಟ್ಟಿಸುತ್ತದೆ, ಆರು ಡಯೋಡ್ ಅದನ್ನು ಡಿ.ಸಿ. ಮಾಡುತ್ತವೆ, ಆದರೆ ಪೂರ್ತಿ ಸಪಾಟಾಗುವುದಿಲ್ಲ, ಸಣ್ಣ ಏರಿಳಿತ ಉಳಿಯುತ್ತದೆ. ಹನ್ನೆರಡು ಪೋಲಿನ ಆಲ್ಟರ್ನೇಟರ್ ಎಂಜಿನ್ನಿಗಿಂತ ಎರಡು ಪಟ್ಟು ತಿರುಗುತ್ತದೆ ಎಂದುಕೊಳ್ಳಿ: ಎಂಜಿನ್ 1000 ಸುತ್ತಿಗೆ ಆ ಏರಿಳಿತ 1200 ಹರ್ಟ್ಸ್, 3000 ಸುತ್ತಿಗೆ 3600. ಕಿವಿ ಅತ್ಯಂತ ಚುರುಕಾಗಿರುವ ಜಾಗಕ್ಕೇ ಬಂದು ಕೂರುತ್ತದೆ.

ರೇಡಿಯೊ ಒಂದೇ ಇದ್ದಾಗ ಇದರ ಕಾಟ ಕಡಿಮೆ. ಕ್ಯಾಸೆಟ್ ಹೋಗಿ ಸಿಡಿ ಬಂದು, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂತಾಗ ಜೋರಾಯಿತು. ಸೆಟ್ ಮುಂದೆ, ಆಂಪ್ ಹಿಂದೆ, ಎರಡಕ್ಕೂ ಬೇರೆ ಬೇರೆ ಕಡೆ ಅರ್ತ್. ಬಾಡಿಯ ಉಕ್ಕಿನಲ್ಲಿ ಆಲ್ಟರ್ನೇಟರಿನ ಕರೆಂಟು ಹರಿಯುತ್ತಿರುವುದರಿಂದ ಆ ಎರಡು ಜಾಗಗಳ ನಡುವೆ ಚೂರು ವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತದೆ; ಕಾಲುವೆಯ ನೀರು ಪಕ್ಕದ ಬದುವಿನಲ್ಲಿ ಬಿರುಕು ಕಂಡರೆ ಅಲ್ಲೂ ನುಗ್ಗುವ ಹಾಗೆ ಕರೆಂಟು ಹಾಡಿನ ಕೇಬಲ್ಲಿನ ಹೊರಕವಚದಲ್ಲೂ ನುಗ್ಗುತ್ತದೆ. ಆಂಪ್ ಅದನ್ನು ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಪೇಟೆಯಲ್ಲಿ ಇದಕ್ಕೆ ಫಿಲ್ಟರ್ ಡಬ್ಬಿ ಮಾರುತ್ತಾರೆ. ನಾನು ಅದನ್ನು ಕೊನೆಗೆ ಕೈಗೆತ್ತಿಕೊಳ್ಳುತ್ತೇನೆ. ಮೊದಲು ಹಾಡಿನ ಕೇಬಲ್ ಬಿಚ್ಚಿ ಆಂಪಿನ ಬಾಯಿಗೆ ಶಾರ್ಟ್ ಪ್ಲಗ್ ಹಾಕುತ್ತೇನೆ. ಸದ್ದು ನಿಂತರೆ ಆಂಪ್ ನಿರಪರಾಧಿ. ಆಮೇಲೆ ಸ್ವಂತ ಬ್ಯಾಟರಿಯ ಸಣ್ಣ ಪ್ಲೇಯರನ್ನು ಆಂಪಿಗೇ ಜೋಡಿಸಿ ಕೇಳುತ್ತೇನೆ. ಸದ್ದಿಲ್ಲದಿದ್ದರೆ ತಪ್ಪು ಮುಂದಿನ ಸೆಟ್ಟಿನ ಕಡೆಯದು ಅಥವಾ ಎರಡು ಅರ್ತುಗಳ ನಡುವಿನದು. ಹೆಚ್ಚಿನ ಸಲ ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಬಿಗಿದು, ಪವರ್ ವೈರನ್ನು ಒಂದು ಮಗ್ಗುಲಲ್ಲೂ ಹಾಡಿನ ಕೇಬಲ್ಲನ್ನು ಇನ್ನೊಂದು ಮಗ್ಗುಲಲ್ಲೂ ಎಳೆದರೆ ಸಾಕು. ತಾಳ್ಮೆಯ ಕೆಲಸ. ಅವಸರದಲ್ಲಿ ಡಬ್ಬಿ ಸಿಕ್ಕಿಸಿ ಕಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲೇ ಶುರುವಾಯಿತು. ಎಫ್‌ಎಂ ಅಲೆಯ ಎತ್ತರದಲ್ಲಿ ಹಾಡು ಇಡುವುದಿಲ್ಲ, ಹಾಗಾಗಿ ಕಿಡಿ ಅದನ್ನು ಅಷ್ಟಾಗಿ ಕೆಡಿಸಲಾರದು. ಟಿಕ್‌ಟಿಕ್ ಹಿಡಿಯುವ ವಿದ್ಯೆ ಹೊಸ ಹುಡುಗರಿಗೆ ಬೇಡವಾಯಿತು. ಆದರೆ ಈಗ ಬ್ಯಾಟರಿ ಕಾರು ಬಂದಿದೆ. ಅದರಲ್ಲಿ ಕಿಡಿಯಿಲ್ಲ, ಮೋಟಾರು ಓಡಿಸುವ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಕರೆಂಟು ಕತ್ತರಿಸುತ್ತದೆ, ಅದರ ಮರಿಸದ್ದುಗಳು ಮೀಡಿಯಂ ವೇವ್ ತನಕ ಚಾಚುತ್ತವೆ. ಇದೇ ಕಾರಣ ಕೊಟ್ಟು ಅಮೆರಿಕದಲ್ಲಿ ಕೆಲವು ಕಂಪನಿಗಳು ಮೀಡಿಯಂ ವೇವನ್ನೇ ಕಾರಿನಿಂದ ತೆಗೆದವು. 2023ರಲ್ಲಿ ಫೋರ್ಡ್ ಕಂಪನಿಯೂ ತೆಗೆಯುತ್ತೇನೆಂದು ಹೇಳಿ, ಆಪತ್ತಿನ ಸುದ್ದಿ ತಲುಪುವ ದಾರಿ ಅದು ಎಂಬ ಕೂಗು ಎದ್ದ ಮೇಲೆ ನಿರ್ಧಾರ ಬದಲಿಸಿತು. ನನ್ನ ಅಭಿಪ್ರಾಯ ಸ್ಪಷ್ಟ. 1930ರಲ್ಲಿ ಕಿಡಿಯ ಪಕ್ಕದಲ್ಲೇ ಹಾಡು ಕೇಳಿಸಿದವರ ಕಸುಬಿನವರು ಇನ್ವರ್ಟರಿನ ಪಕ್ಕದಲ್ಲೂ ಕೇಳಿಸಬಲ್ಲರು. ರೇಡಿಯೊ ಕಿತ್ತುಹಾಕುವುದು ಪರಿಹಾರವಲ್ಲ.

ಈಚೆಗೆ ಧಾರವಾಡದ ಕಡೆಯ ಹಿರಿಯರೊಬ್ಬರು ಬ್ಯಾಟರಿ ಕಾರು ತಂದರು. "ತಮ್ಮಾ, ಗಾಡಿ ನಿಂತಾಗ ರೇಡಿಯೊ ಚಲೋ ಕೇಳ್ತದ, ಓಡಾಕ ಹತ್ತಿದ್ರ ಬರೇ ಗರ್ರ್ ಅಂತದ ನೋಡು" ಎಂದರು. ಏರಿಯಲ್ಲನ್ನು ಚಾವಣಿಯ ಹಿಂದಿನ ತುದಿಗೆ ಒಯ್ದು, ಅದರ ಬುಡದಲ್ಲಿ ಬಣ್ಣ ಕೆರೆದು ಅರ್ತ್ ಕೊಟ್ಟು, ಸೆಟ್ಟಿನ ಪವರ್ ವೈರಿಗೆ ಫೆರೈಟ್ ಉಂಗುರ ಹಾಕಿದೆ. ಊರೊಳಗೆ 612 ಸ್ವಚ್ಛವಾಗಿ ಬರುತ್ತಿದೆ. ಚಿತ್ರದುರ್ಗದ ಆಸುಪಾಸಿನಲ್ಲಿ ಬೆಂಗಳೂರೂ ದೂರ, ಧಾರವಾಡವೂ ದೂರ. ಗದ್ದಲದ ನಿಜವಾದ ಅಳತೆ ಸಿಗುವುದು ಅಲ್ಲೇ. ಅಲ್ಲಿ ಹೇಗೆ ಕೇಳಿಸುತ್ತದೆಂದು ಫೋನ್ ಮಾಡಲು ಹೇಳಿದ್ದೇನೆ. ಅದನ್ನು ನೋಡಿಕೊಂಡು ಏರಿಯಲ್ ಕೇಬಲ್ಲನ್ನು ಇನ್ನೊಂದು ಮಗ್ಗುಲಿಗೆ ಎಳೆಯಬೇಕೋ ಬೇಡವೋ ತೀರ್ಮಾನಿಸುತ್ತೇನೆ.