ಕ್ರಮಸಂಖ್ಯೆಗೊಂದು ಶಾಸನಪಾಠ

ಕಳೆದ ತಿಂಗಳು ಅಕ್ಕನ ಮಗಳು ಫೋನ್ ಮಾಡಿ, "ಮಾಮ, ನನಗೊಂದು ಸೀರಿಯಲ್ ನಂಬರ್ ಮಾಡಿಕೊಡಿ" ಅಂದಳು. ಅವಳು ಒಂದು ವಿಜ್ಞಾನ ಕಥೆ ಬರೀತಿದ್ದಾಳೆ. ಕಾರ್ಖಾನೆಯಲ್ಲಿ ತಯಾರಾದ, ಮನುಷ್ಯರಂಥ ಜೀವಿಗಳು. ಪ್ರತಿಯೊಬ್ಬರ ಮುಂಗೈ ಮೇಲೂ ಒಂದು ಸಂಖ್ಯೆ. ಕಾರ್ಖಾನೆ ಮುಚ್ಚಿ ಮುನ್ನೂರು ವರ್ಷವಾದ ಮೇಲೆ ಯಾರೋ ಒಬ್ಬರು ಆ ಸಂಖ್ಯೆಯನ್ನು ಓದುತ್ತಾರೆ. ಅಲ್ಲಿಂದ ಕಥೆ ಶುರು. "ವಾರವೆಲ್ಲ ಫ್ಯಾಕ್ಟರಿಯಲ್ಲಿ ನಂಬರ್ ಹೊಡೆಸ್ತೀರಿ, ಭಾನುವಾರ ಕಲ್ಲು ಓದ್ತೀರಿ. ನಿಮ್ಮನ್ನ ಬಿಟ್ಟು ಇನ್ಯಾರನ್ನ ಕೇಳಲಿ?" ಅಂತ ಅವಳ ವಾದ.

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ವಾರ ಹಿಡೀತು. ದಾರಿಯಲ್ಲಿ ಶಾಸನಗಳು ಕಲಿಸಿದ್ದು ಬಹಳ, ಅದಕ್ಕೇ ಈ ಬರಹ.

ಮೊದಲು ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. 1982ರ 'ಬ್ಲೇಡ್ ರನ್ನರ್' ಸಿನಿಮಾದಲ್ಲಿ ರಾಯ್ ಬ್ಯಾಟಿ ಎಂಬ ಕೃತಕ ಮನುಷ್ಯನ ಸಂಖ್ಯೆ ಎನ್6ಎಂಎಎ10816. ಎನ್6 ಅಂದ್ರೆ ನೆಕ್ಸಸ್-6 ಮಾದರಿ. ಎಂ ಅಂದ್ರೆ ಗಂಡು. ಮುಂದಿನ ಎರಡು ಅಕ್ಷರ ದೇಹಬಲದ ದರ್ಜೆ, ಬುದ್ಧಿಯ ದರ್ಜೆ. ಕೊನೆಯ ಅಂಕಿಗಳು ತಯಾರಾದ ದಿನ: 2016ರ ಜನವರಿ 8. ನೋಡೋಕೆ ಚೆನ್ನಾಗಿದೆ. ಆದರೆ ಎಂಜಿನಿಯರ್ ಕಣ್ಣಿಗೆ ತೂತುಗಳು ಕಾಣಿಸ್ತವೆ. 10816 ಅನ್ನು ಜನವರಿ 8 ಅಂತ ಓದಬೇಕೋ, ಅಕ್ಟೋಬರ್ 8 ಅಂತಲೋ? ನಮ್ಮ ಕಡೆ ದಿನ ಮೊದಲು ಬರೆಯೋರು ಆಗಸ್ಟ್ 10 ಅಂತಾರೆ. 16 ಅಂದ್ರೆ ಯಾವ ಶತಮಾನದ 16? ಎಲ್ಲಕ್ಕಿಂತ ದೊಡ್ಡ ಸಮಸ್ಯೆ: ಒಂದೇ ದಿನ ಒಂದೇ ದರ್ಜೆಯ ಇಬ್ಬರು ತಯಾರಾದರೆ ಇಬ್ಬರಿಗೂ ಒಂದೇ ಸಂಖ್ಯೆ! ಸೀರಿಯಲ್ ನಂಬರಿನಲ್ಲಿ ಸೀರಿಯಲ್ಲೇ ಇಲ್ಲ.

ಹಾಗಾದರೆ 1, 2, 3 ಅಂತ ಸಾಲಾಗಿ ಕೊಟ್ಟರೆ? ಅದಕ್ಕೂ ಒಂದು ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡ್ತಿದೆ ಅನ್ನೋದು ಮಿತ್ರಪಕ್ಷಗಳಿಗೆ ಬೇಕಿತ್ತು. ಸೆರೆಸಿಕ್ಕ ಟ್ಯಾಂಕುಗಳ ಭಾಗಗಳ ಮೇಲಿದ್ದ ಕ್ರಮಸಂಖ್ಯೆಗಳನ್ನು ಹಿಡಿದು ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿದರು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1550. ಸಂಖ್ಯೆ ಓದಿದವರ ಅಂದಾಜು 327. ಯುದ್ಧ ಮುಗಿದ ಮೇಲೆ ಜರ್ಮನ್ ದಾಖಲೆಗಳಲ್ಲಿ ಸಿಕ್ಕ ನಿಜವಾದ ಲೆಕ್ಕ 342. ಸಾಲಾಗಿ ಕೊಟ್ಟ ಸಂಖ್ಯೆ ಕಾರ್ಖಾನೆಯ ಗುಟ್ಟನ್ನು ಬೀದಿಯಲ್ಲಿ ಹೇಳಿಬಿಡುತ್ತೆ. ಅದಕ್ಕೇ ನಮ್ಮ ಆಧಾರ್ ಸಂಖ್ಯೆ ಸಾಲಾಗಿ ಬರೋದಿಲ್ಲ. ಹುಟ್ಟಿದ ವರ್ಷ, ಊರು ಯಾವುದೂ ಅದರೊಳಗೆ ಇಲ್ಲ. ಹನ್ನೆರಡನೇ ಅಂಕಿ ಮಾತ್ರ ಮೊದಲ ಹನ್ನೊಂದನ್ನು ಕಾಯುವ ತಾಳೆ ಅಂಕಿ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ಅದು ಹಿಡಿದು ಹಾಕುತ್ತೆ.

ಈ ತಾಳೆ ಅಂಕಿಯ ಹತ್ತಿರ ಬಂದಾಗ ನನಗೆ ಐಹೊಳೆ ನೆನಪಾಯ್ತು.

ಮೇಗುಟಿಯ ರವಿಕೀರ್ತಿಯ ಶಾಸನ ನಿಮಗೆಲ್ಲ ಗೊತ್ತು. ಅದರಲ್ಲಿ ಕಾಲವನ್ನು ಎರಡು ರೀತಿ ಹೇಳಿದೆ: ಭಾರತಯುದ್ಧದಿಂದ 3735 ವರ್ಷ, ಶಕರಾಜರ ಕಾಲದಿಂದ 556 ವರ್ಷ. ಎರಡೂ ಪದಗಳಲ್ಲಿ, ಬಿಡಿಬಿಡಿಯಾಗಿ: ಮೂವತ್ತು, ಮೂರು ಸಾವಿರ, ಏಳುನೂರು, ಐದು. ಆಮೇಲೆ ಐವತ್ತು, ಆರು, ಐನೂರು. ಈಗ ಕಳೆದು ನೋಡಿ. 3735ರಲ್ಲಿ 556 ಹೋದರೆ 3179. ಕಲಿವರ್ಷಕ್ಕೂ ಶಕವರ್ಷಕ್ಕೂ ಇರಬೇಕಾದ ಅಂತರ ಕರಾರುವಾಕ್ಕಾಗಿ ಅದೇ. ಒಂದು ಪದ ಸವೆದುಹೋಗಿದ್ದರೂ ಇನ್ನೊಂದು ಲೆಕ್ಕದಿಂದ ಅದನ್ನು ವಾಪಸ್ ಪಡೆಯಬಹುದಿತ್ತು. ಕ್ರಿ.ಶ. 634ರಲ್ಲೇ ಕಲ್ಲಿನ ಮೇಲೆ ಇಂಥ ಭದ್ರತೆ!

ಆಮೇಲಿನ ಶಾಸನಗಳಲ್ಲಿ ಇದು ವಾಡಿಕೆಯೇ ಆಯ್ತು. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ. ಕೆಲವೊಮ್ಮೆ ಗ್ರಹಣ ಬೇರೆ. ಹೊಸದಾಗಿ ಶಾಸನ ಓದೋರಿಗೆ ಇದು ಬರೀ ಅಲಂಕಾರ ಅನ್ನಿಸುತ್ತೆ, ನನಗೂ ಮೊದಲು ಹಾಗೇ ಅನ್ನಿಸಿತ್ತು. ನಕಲಿ ತಾಮ್ರಪಟಗಳು ಸಿಕ್ಕಿಬೀಳೋದು ಹೆಚ್ಚಾಗಿ ಇಲ್ಲೇ. ವರ್ಷಕ್ಕೂ ಸಂವತ್ಸರಕ್ಕೂ ತಾಳೆಯಾಗಲ್ಲ, ತಿಥಿಗೂ ವಾರಕ್ಕೂ ಕೂಡಿಬರಲ್ಲ.

ಸಂವತ್ಸರದ ಲೆಕ್ಕ ಸುಲಭ. ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ, ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರ. (ಶೇಷ ಸೊನ್ನೆಯಾದರೆ ಅರವತ್ತನೆಯ ಅಕ್ಷಯ.) ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಶಕ 1039, ಹೇವಿಳಂಬಿ. 1039ಕ್ಕೆ 12 ಸೇರಿದರೆ 1051, ಶೇಷ 31. ಮೂವತ್ತೊಂದನೆಯದು ಹೇವಿಳಂಬಿಯೇ. ತಾಳೆ ಆಯ್ತು.

ಈಗ ಒಂದು ಆಟ. ಆ ಕಲ್ಲಿನಲ್ಲಿ ಮೂರು ಅನ್ನೋ ಅಂಕಿ ಚಕ್ಕೆ ಎದ್ದುಹೋಗಿ '10-9' ಅಂತ ಮಾತ್ರ ಉಳಿದಿದೆ ಅಂದುಕೊಳ್ಳಿ. ಹೇವಿಳಂಬಿ ಅನ್ನೋ ಹೆಸರು ಉಳಿದಿದ್ದರೆ ಹತ್ತು ಸಾಧ್ಯತೆಗಳು ಎರಡಕ್ಕಿಳಿಯುತ್ತವೆ: 1039 ಅಥವಾ 1099. ಆಗ ರಾಜನ ಹೆಸರು ಸಹಾಯಕ್ಕೆ ಬರುತ್ತೆ. ವಿಷ್ಣುವರ್ಧನ ಅಂತಿದ್ದರೆ 1039; 1099 ಇಮ್ಮಡಿ ವೀರಬಲ್ಲಾಳನ ಕಾಲ.

ಆದರೆ ಎರಡು ಉಳೀತಲ್ಲ, ಅದು ನನ್ನನ್ನು ಕಾಡಿತು. ಕಾರಣ ಸಿಂಪಲ್: 60 ಎಂಬ ಸಂಖ್ಯೆಗೂ ನಮ್ಮ ಹತ್ತರ ಎಣಿಕೆಗೂ ನೆಂಟಸ್ತಿಕೆ ಜಾಸ್ತಿ. ಹತ್ತರ ಸ್ಥಾನದಲ್ಲಿ ಆರು ಅಂಕಿ ಜಾರಿದರೆ, ನೂರರ ಸ್ಥಾನದಲ್ಲಿ ಮೂರು ಜಾರಿದರೆ ಸಂವತ್ಸರಕ್ಕೆ ಗೊತ್ತೇ ಆಗಲ್ಲ. ಇನ್ನೊಂದೇ ಒಂದು ಸಂವತ್ಸರ ಇದ್ದು 61 ಆಗಿದ್ದರೆ? 61 ಅವಿಭಾಜ್ಯ. ಒಂದಂಕಿ ತಪ್ಪು, ಅಕ್ಕಪಕ್ಕದ ಅದಲುಬದಲು ಎರಡೂ ಸಿಕ್ಕಿಬೀಳ್ತವೆ. ಪಂಚಾಂಗದೋರು ನನ್ನ ಮಾತು ಕೇಳಲ್ಲ, ಆದರೆ ಕಥೆಯ ಕಾರ್ಖಾನೆ ಕೇಳುತ್ತೆ.

ಹೀಗೆ ಹುಟ್ಟಿದ್ದು ನನ್ನ ಪದ್ಧತಿ. ಎರಡಂಕಿಯ ಮಾದರಿ, ನಾಲ್ಕಂಕಿಯ ಪೂರ್ತಿ ವರ್ಷ, ಸಾಲು ತಪ್ಪಿಸಿ ಕೊಟ್ಟ ಆರಂಕಿ. ಒಟ್ಟು ಹನ್ನೆರಡು. ಅದನ್ನು 61ರಿಂದ ಭಾಗಿಸಿ ಬಂದ ಶೇಷಕ್ಕೆ ಅಂಕಿಯ ಬದಲು ಪದ: ಅರವತ್ತು ಸಂವತ್ಸರಗಳು, ಶೇಷ ಸೊನ್ನೆಯಾದರೆ 'ಅಧಿಕ'. ಉದಾಹರಣೆಗೆ 07 2186 403913. ಭಾಗಿಸಿದರೆ ಶೇಷ 43, ಅಂದ್ರೆ ಸೌಮ್ಯ. ವರ್ಷದ 6 ಅನ್ನು ಯಾರಾದರೂ 9 ಅಂತ ಓದಿದರೆ ಶೇಷ 2, ವಿಭವ ಬರುತ್ತೆ. ತಪ್ಪು ಕೂಡಲೇ ಗೊತ್ತಾಗುತ್ತೆ. 6 ಮತ್ತು 9ರ ಉದಾಹರಣೆ ಸುಮ್ಮನೆ ಕೊಟ್ಟಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಡೆ ತಲೆಕೆಳಗಾಗಿ ಹೊಡೆದ ನಂಬರ್ ಪ್ಲೇಟಿನಿಂದ ನಾವು ಒಂದಿಡೀ ರಾತ್ರಿ ತಪ್ಪು ವಾಲ್ವುಗಳನ್ನು ಬಿಚ್ಚಿದ್ದೆವು.

ಹೆಮ್ಮೆಯಿಂದ ಕಳಿಸಿದೆ. ಸಂಜೆ ಫೋನ್ ಬಂತು.

"ಲೆಕ್ಕ ಚೆನ್ನಾಗಿದೆ ಮಾಮ. ಆದರೆ ಸೌಮ್ಯ ಅನ್ನೋದು ಅವಳ ಹೆಸರಾ, ಇಲ್ಲಾ ಶೇಷವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಲ್ಲುಗಳ ಹತ್ತಿರ ಇತ್ತು ಅನ್ಸುತ್ತೆ.

ತಮಿಳುನಾಡಿನ ಚೋಳ ಶಾಸನಗಳಲ್ಲಿ ನಂದಾದೀಪಕ್ಕೆ ಕುರಿ ದಾನ ಕೊಡೋದು ಸಾಮಾನ್ಯ. ಒಂದು ದೀಪಕ್ಕೆ ಹೆಚ್ಚಾಗಿ 96 ಕುರಿ. ಆ ಕುರಿಗಳನ್ನು ಸಾಯದ, ಮುಪ್ಪಾಗದ ಕುರಿಗಳು ಅಂತ ಕರೆದಿದ್ದಾರೆ. ಕುರಿ ಸಾಯುತ್ತೆ, ಮರಿ ಬರುತ್ತೆ, ಲೆಕ್ಕ ಮಾತ್ರ 96ರಲ್ಲೇ ಇರಬೇಕು. ಯಾವ ಕುರಿ ಅನ್ನೋದು ಯಾರಿಗೂ ಬೇಕಿಲ್ಲ. ಹೊಸದು ಬಂದ ಕೂಡಲೇ ಹಳೆಯದರ ಜಾಗ ತುಂಬಿತು.

ತಂಜಾವೂರಿನ ದೊಡ್ಡ ದೇವಾಲಯದ ಗೋಡೆಗೆ ಬನ್ನಿ. ರಾಜರಾಜ ಚೋಳ ಅಲ್ಲಿಗೆ ಬೇರೆ ಬೇರೆ ದೇವಾಲಯಗಳಿಂದ 400 ಹೆಂಗಸರನ್ನು ಕರೆತಂದು ನೆಲೆ ಮಾಡಿಸಿದ. ಆ ಶಾಸನ ಒಂದು ಡೇಟಾಬೇಸ್ ಇದ್ದ ಹಾಗಿದೆ: ಯಾವ ಬೀದಿ, ಯಾವ ಸಾಲು, ಎಷ್ಟನೇ ಮನೆ, ಯಾವ ದೇವಾಲಯದಿಂದ ಬಂದವಳು, ಅವಳಿಗೆ ಒಂದು ಪಾಲು. ಪಾಲು ಅಂದ್ರೆ ವರ್ಷಕ್ಕೆ 100 ಕಲಂ ಭತ್ತ. ಅರಮನೆಯ ಲೆಕ್ಕಕ್ಕೆ ಮನೆಯ ಸಂಖ್ಯೆ ಸಾಕಾಗಿತ್ತು. ಆದರೂ ಪ್ರತಿ ಮನೆಯ ಮುಂದೆ ಒಂದು ಹೆಸರು ಕೆತ್ತಿದ್ದಾರೆ. ಅವರನ್ನು ಕರೆತಂದದ್ದು ಅವರ ಇಷ್ಟದಿಂದಲೋ ಅಲ್ಲವೋ ಅಂತ ಗೋಡೆ ಹೇಳಲ್ಲ. ಆದರೆ ಸಾವಿರ ವರ್ಷದ ಮೇಲೂ ಅವರನ್ನು ಒಬ್ಬೊಬ್ಬರಾಗಿ ಕರೆಯಬಹುದು.

ನಮ್ಮ ಆತಕೂರಿನ ಕಲ್ಲು ಇನ್ನೂ ಮುಂದೆ ಹೋಗುತ್ತೆ. ಶಕ 872, ಸೌಮ್ಯ ಸಂವತ್ಸರ. (ನನ್ನ ಸೂತ್ರ ಹಾಕಿದರೆ ಸಾಧಾರಣ ಬರುತ್ತೆ, ಇಲ್ಲಿ 872 ಅಂದ್ರೆ ನಡೆಯುತ್ತಿರುವ ವರ್ಷ, ಕಳೆದದ್ದು 871. ಎಣಿಕೆ ಎಲ್ಲಿಂದ ಶುರು ಅಂತ ಬರೆದಿಡದಿದ್ದರೆ ಒಂದರ ವ್ಯತ್ಯಾಸ ಹತ್ತು ಶತಮಾನವಾದರೂ ತಪ್ಪಲ್ಲ.) ತಕ್ಕೋಲಂ ಯುದ್ಧದ ಶೌರ್ಯಕ್ಕೆ ಬೂತುಗ ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಒಂದು ನಾಯಿ. ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಕಲ್ಲಿನಲ್ಲಿ ನಾಯಿಯ ಹೆಸರಿದೆ: ಕಾಳಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆ ಕಲ್ಲಿನ ಮುಂದೆ ನಾನು ನಾಲ್ಕೈದು ಸಲ ನಿಂತಿದ್ದೀನಿ. ಬೂತುಗನ ನಾಯಿಗಳು ಒಟ್ಟು ಎಷ್ಟು ಅನ್ನೋ ಯೋಚನೆ ಒಮ್ಮೆಯೂ ಬಂದಿಲ್ಲ.

ಅಸಿಮೋವ್‌ನ ಕಥೆಗಳಲ್ಲೂ ಇದೇ ಆಗುತ್ತೆ. ಕಂಪನಿ ಕೊಟ್ಟದ್ದು ಎಸ್‌ಪಿಡಿ-13, ಜೊತೆಯಲ್ಲಿ ಕೆಲಸ ಮಾಡೋರು ಕರೆದದ್ದು ಸ್ಪೀಡಿ. ಕ್ಯೂಟಿ-1 ಅವರ ಬಾಯಲ್ಲಿ ಕ್ಯೂಟಿ. ಕೂಡಿ ಬಾಳೋ ಜಾಗದಲ್ಲಿ ಸಂಖ್ಯೆ ತಾನಾಗೇ ಹೆಸರಾಗುತ್ತೆ. ಇದರ ಉಲ್ಟಾ ದಾರಿಯನ್ನೂ ಇಪ್ಪತ್ತನೇ ಶತಮಾನ ಕಂಡಿದೆ. ಆಶ್ವಿಟ್ಜ್‌ನಲ್ಲಿ ಹೆಸರಿದ್ದ ಮನುಷ್ಯರ ಕೈಮೇಲೆ ಸಂಖ್ಯೆ ಹಚ್ಚೆ ಹಾಕಿದರು. ಮುಂಗೈ ಮೇಲಿನ ಸಂಖ್ಯೆ ಅಂತ ಅವಳು ಹೇಳಿದ ಕೂಡಲೇ ನನಗೆ ಅದು ಹೊಳೆಯಬೇಕಿತ್ತು. ನಾನು ಶೇಷ ಲೆಕ್ಕ ಹಾಕ್ತಾ ಕೂತಿದ್ದೆ.

ಅವಳಿಗೆ ಇಷ್ಟನ್ನೂ ಹೇಳಿದೆ. ಪದ್ಧತಿಯಲ್ಲಿ ಎರಡು ಬದಲಾವಣೆ ಮಾಡಿದೆವು. ಹನ್ನೆರಡಂಕಿ ಕಾರ್ಖಾನೆಯ ಕಡತದಲ್ಲೇ ಇರಲಿ, ರಿಪೇರಿಗೆ, ಲೆಕ್ಕಕ್ಕೆ. ಕಡತದ ಸಂಖ್ಯೆ ಹೇಗೂ ಬದಲಾಗುತ್ತೆ: ಶ್ರವಣಬೆಳಗೊಳದ ಶಾಸನಗಳು 1889ರಲ್ಲಿ ರೈಸ್ ಸಂಪಾದಿಸಿದಾಗ 144 ಇದ್ದವು, 1923ರಲ್ಲಿ ನರಸಿಂಹಾಚಾರ್ಯರ ಕಾಲಕ್ಕೆ 500, 1973ರ ಆವೃತ್ತಿಗೆ 573. ಪ್ರತಿ ಸಲ ಹೊಸ ನಂಬರು, ಕಲ್ಲು ಮಾತ್ರ ಅದೇ. ಎರಡನೆಯದು, ಮುಂಗೈ ಮೇಲೆ ಇರೋದು ಪದವೊಂದೇ, ಮತ್ತು ಬೇಡ ಅನ್ನಿಸಿದರೆ ಆ ಜೀವಿ ಅದನ್ನು ಅಳಿಸಿ ಬೇರೆ ಬರೆದುಕೊಳ್ಳಬಹುದು. "ಹಾಗೆ ಬರೆದುಕೊಂಡರೆ ನಿಮ್ಮ ತಾಳೆ ತಪ್ಪುತ್ತಲ್ಲ?" ಅಂದಳು. ತಪ್ಪಲಿ ಅಂದೆ. ಮುನ್ನೂರು ವರ್ಷದ ಮೇಲೆ ಓದುವವರಿಗೆ, ತಾಳೆಯಾಗದ ಆ ಕೈ ಯಾರೋ ಸ್ವಂತ ಇಷ್ಟದಿಂದ ಬದುಕಿದ್ದರು ಅನ್ನೋದಕ್ಕೆ ಸಾಕ್ಷಿ.

ಕಥೆ ಇನ್ನೂ ಮುಗಿದಿಲ್ಲ. ಅಷ್ಟರಲ್ಲಿ ನೀವು ನಿಮ್ಮೂರಿನ ಶಾಸನದ ಶಕವರ್ಷಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ ನೋಡಿ. ಒಂದರ ವ್ಯತ್ಯಾಸ ಬಂದರೆ ಗಾಬರಿಯಾಗಬೇಡಿ, ಗತವೋ ವರ್ತಮಾನವೋ ನೋಡಿ. ಅದಕ್ಕಿಂತ ಹೆಚ್ಚು ಬಂದರೆ ಅಂಕಿಯನ್ನು ಇನ್ನೊಮ್ಮೆ ಓದಿ, ಬೆಳಗಿನ ಓರೆ ಬಿಸಿಲಿನಲ್ಲಿ.