ಪುಣೆಯ ಬಯಲಿನಿಂದ ಆಂಟ್‌ವರ್ಪಿಗೆ

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ ಪಂದ್ಯಗಳು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಇಷ್ಟು ದೊಡ್ಡ ದೇಶಕ್ಕೆ ಇಷ್ಟೇ ಪದಕಗಳೇ? ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ನಮ್ಮ ಮೈಕಟ್ಟು ಸಾಲದು, ನಮ್ಮ ಆಹಾರ ಸಾಲದು, ಸರಕಾರ ಹಣ ಕೊಡುವುದಿಲ್ಲ ಎಂದು ನಮಗೆ ನಾವೇ ಸಮಾಧಾನ ಹೇಳಿಕೊಳ್ಳುತ್ತೇವೆ. ಪಂದ್ಯಗಳು ಮುಗಿದ ಮರುದಿನ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುತ್ತೇವೆ. ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಲು ಪುಣೆಯಲ್ಲಿರುವ ನಾವು ದೂರ ಹೋಗಬೇಕಾಗಿಲ್ಲ. ಭಾರತದ ಮೊದಲ ಒಲಿಂಪಿಕ್ ತಂಡಕ್ಕೆ ಬೀಜ ಬಿದ್ದದ್ದು ನಾವು ನಿತ್ಯ ಹಾದುಹೋಗುವ ಡೆಕ್ಕನ್ ಜಿಮಖಾನಾದಲ್ಲಿ. ಆ ತಂಡದಲ್ಲಿ ನಮ್ಮ ಕಡೆಯವರೂ ಇದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

1900ರಲ್ಲಿ ಪ್ಯಾರಿಸ್ಸಿನಲ್ಲಿ ಕಲಕತ್ತೆಯ ನಾರ್ಮನ್ ಪ್ರಿಚರ್ಡ್ ಒಬ್ಬನೇ ಓಡಿ ಎರಡು ಬೆಳ್ಳಿ ಪದಕ ಗೆದ್ದಿದ್ದನು. ಆದರೆ ಭಾರತದ ಹೆಸರಿನಲ್ಲಿ ಒಂದು ತಂಡವೆಂದು ಹೊರಟದ್ದು 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್ ಪಂದ್ಯಗಳಿಗೆ. ಇದಕ್ಕೆ ಕಾರಣರಾದವರು ಸರ್ ದೊರಾಬ್ಜಿ ಟಾಟಾ. 1906ರಲ್ಲಿ ಸ್ಥಾಪನೆಯಾದ ಡೆಕ್ಕನ್ ಜಿಮಖಾನಾಕ್ಕೆ ಅವರು ಆಗ ಅಧ್ಯಕ್ಷರಾಗಿದ್ದರು. ಅಲ್ಲಿ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕ್ರೀಡಾಕೂಟದಲ್ಲಿ ಓಡುತ್ತಿದ್ದವರು ಬಹುತೇಕ ರೈತರ ಮಕ್ಕಳು, ಘಟ್ಟದ ಕಡೆಯ ಹಳ್ಳಿಗರು. ಸುಮಾರು 25 ಮೈಲಿನ ದೊಡ್ಡ ಓಟವನ್ನು ಅವರು ಬರಿಗಾಲಿನಲ್ಲಿ, ಹೆದ್ದಾರಿಯ ಮೇಲೆ ಓಡುತ್ತಿದ್ದರು. ಕ್ರಮಬದ್ಧ ತರಬೇತಿ ಎಂಬುದನ್ನು ಅವರು ಕಂಡವರಲ್ಲ. ಹೀಗಿದ್ದೂ ಅವರು ತೆಗೆದುಕೊಂಡ ಕಾಲವನ್ನು ನೋಡಿದಾಗ, ಅದು ಯುರೋಪಿನ ಓಟಗಾರರ ಕಾಲಕ್ಕೆ ಹತ್ತಿರವಿರುವುದು ಇಂಗ್ಲೆಂಡಿನಲ್ಲಿ ಕಲಿತು ಬಂದಿದ್ದ ದೊರಾಬ್ಜಿಯವರ ಗಮನಕ್ಕೆ ಬಂತು. ಕ್ರೀಡಾಕೂಟಕ್ಕೆ ಬಂದಿದ್ದ ಮುಂಬಯಿ ಗವರ್ನರ್ ಸರ್ ಜಾರ್ಜ್ ಲಾಯ್ಡ್ ಅವರೊಡನೆ ಮಾತಾಡಿ, ಅವರ ನೆರವಿನಿಂದ ಒಲಿಂಪಿಕ್ ಸಮಿತಿಯ ಒಪ್ಪಿಗೆಯನ್ನು ದೊರಕಿಸಿಕೊಂಡರು.

ಈ ಸಂದರ್ಭದ ಒಂದು ಮಾತನ್ನು ದೊರಾಬ್ಜಿಯವರೇ ಮುಂದೆ ಬರೆದಿಟ್ಟಿದ್ದಾರೆ. 100 ಮೀಟರ್ ಓಟದಲ್ಲಿ ಆಯ್ಕೆಯಾಗಬೇಕಾದರೆ ಎಷ್ಟು ಹೊತ್ತಿನಲ್ಲಿ ಓಡಬೇಕಾದೀತು ಎಂದು ಅವರು ಜಿಮಖಾನಾದ ಪ್ರಮುಖ ಸದಸ್ಯರೊಬ್ಬರನ್ನು ಕೇಳಿದರಂತೆ. ಒಂದೆರಡು ನಿಮಿಷ ಇರಬಹುದು ಎಂದು ಉತ್ತರ ಬಂತು. ಇಲ್ಲಿ ನಿಮಿಷದ ಲೆಕ್ಕವಲ್ಲ, ಸೆಕೆಂಡಿನ, ಅದರ ತುಣುಕುಗಳ ಲೆಕ್ಕ ಎಂದು ತಿಳಿದಾಗ ಆ ಸದಸ್ಯರು ದಂಗಾದರು! ನಗಲು ಇದು ಒಳ್ಳೆಯ ಪ್ರಸಂಗವೇ. ಆದರೆ ನಕ್ಕು ಮರೆಯುವಂಥದ್ದಲ್ಲ. ಓಡುವ ಕಾಲು ನಮ್ಮಲ್ಲಿತ್ತು, ಅದನ್ನು ಅಳೆಯುವ ಗಡಿಯಾರ ಇರಲಿಲ್ಲ. ಗಡಿಯಾರವೆಂದರೆ ಕಿಸೆಯಲ್ಲಿಡುವ ವಸ್ತುವಷ್ಟೇ ಅಲ್ಲ. ಒಬ್ಬ ಹುಡುಗ ನಿನ್ನೆಗಿಂತ ಇವತ್ತು ಎಷ್ಟು ಬೇಗ ಓಡಿದ ಎಂದು ನೋಡುವ ಕಣ್ಣು, ನಾಳೆಗೆ ಅವನನ್ನು ಸಿದ್ಧಗೊಳಿಸುವ ಕಾಳಜಿ, ಇವೆಲ್ಲ ಕೂಡಿದರೇನೇ ಕ್ರೀಡಾ ಸಂಸ್ಕೃತಿ.

ತಂಡದಲ್ಲಿ ಆರು ಜನರಿದ್ದರು. ಓಟಕ್ಕೆ ನಾಲ್ವರು: ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ, ಸಾತಾರೆಯ ಸದಾಶಿವ ದಾತಾರ, ಬಂಗಾಳದ ಪೂರ್ಮಾ ಬ್ಯಾನರ್ಜಿ. ಕುಸ್ತಿಗೆ ಇಬ್ಬರು: ಕುಮಾರ ನವಲೆ ಮತ್ತು ರಣಧೀರ ಶಿಂದೆ. ಬೆಳಗಾವಿ, ಹುಬ್ಬಳ್ಳಿ, ಪುಣೆ ಮೂರೂ ಆಗ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಓದಿಗೆ, ನೌಕರಿಗೆ, ಕೋರ್ಟು ಕಚೇರಿಗೆ ನಮ್ಮ ಹಿರಿಯರು ರೈಲು ಹತ್ತಿ ಪುಣೆಗೆ ಬರುತ್ತಿದ್ದಂತೆ, ಓಟಕ್ಕೂ ಬರುತ್ತಿದ್ದರು ಎಂದು ಈ ಹೆಸರುಗಳು ಸಾರುತ್ತವೆ. ಉತ್ತರ ಕರ್ನಾಟಕಕ್ಕೂ ಈ ದೇಶ ಭಾಗಕ್ಕೂ ಒಂದೇ ತಾಲೀಮು, ಒಂದೇ ಕುಸ್ತಿಯ ಮಣ್ಣು.

1920ರ ಆಗಸ್ಟ್ 22ರಂದು ಆಂಟ್‌ವರ್ಪಿನಲ್ಲಿ ಮ್ಯಾರಥಾನ್ ಓಟ ನಡೆಯಿತು. ಆ ವರ್ಷದ ದೂರ 42.75 ಕಿಲೋಮೀಟರ್, ಇಂದಿನ ಮ್ಯಾರಥಾನ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ನಲವತ್ತಕ್ಕೂ ಮಿಕ್ಕಿ ಓಟಗಾರರಿದ್ದರು. ದಾತಾರರು ಗುರಿ ಮುಟ್ಟಲಿಲ್ಲ. ಹದಿನೆಂಟರ ಆಸುಪಾಸಿನ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಕುಸ್ತಿಯಲ್ಲಿ ಶಿಂದೆಯವರು ಕಂಚಿನ ಪದಕದ ಪಂದ್ಯದವರೆಗೂ ಹೋಗಿ ಸೋತರು. ಜಾತ್ರೆಯ ಓಟ, ಊರ ಕುಸ್ತಿ ಬಿಟ್ಟರೆ ಬೇರೆ ಶಾಲೆ ಕಾಣದ ತಂಡಕ್ಕೆ ಇದು ಸಣ್ಣ ಸಾಧನೆಯಲ್ಲ.

ಅಂದಿನ ಮ್ಯಾರಥಾನ್ ಗೆದ್ದವನು ಫಿನ್‌ಲ್ಯಾಂಡಿನ ಹಾನ್ನೆಸ್ ಕೊಲೆಹ್ಮೈನೆನ್. ಚೌಗುಲೆಯವರಿಗಿಂತ ಸುಮಾರು 18 ನಿಮಿಷ ಮುಂದೆ. ಈ ಫಿನ್‌ಲ್ಯಾಂಡಿನ ಕಥೆ ನಮಗೆ ಪಾಠವಾಗಬೇಕು. ಆಗ ಅದರ ಜನಸಂಖ್ಯೆ ಸುಮಾರು ಮೂವತ್ತು ಲಕ್ಷ. 1917ರವರೆಗೆ ರಶಿಯಾದ ಆಳ್ವಿಕೆ, ಮರುವರ್ಷ ಅಂತರ್ಯುದ್ಧ. ಚಳಿ, ಬಡತನ, ಹಸಿವು. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ಇದೇ ಕೊಲೆಹ್ಮೈನೆನ್ ಮೂರು ಚಿನ್ನ ಗೆದ್ದಾಗ ಮೇಲೇರಿದ್ದು ರಶಿಯಾದ ಬಾವುಟ. ಪರರ ಬಾವುಟದ ಕೆಳಗೆ ಓಡುವ ನೋವು ನಮ್ಮ ಚೌಗುಲೆಯವರಂತೆ ಅವನಿಗೂ ಗೊತ್ತಿತ್ತು. ಅಂಥ ದೇಶ ಆಂಟ್‌ವರ್ಪಿನ ಓಟ, ಎಸೆತ, ಜಿಗಿತಗಳಲ್ಲಿ 9 ಚಿನ್ನ ಗೆದ್ದು ಅಮೆರಿಕಕ್ಕೆ ಸಮನಾಗಿ ನಿಂತಿತು.

ಇದು ಹೇಗೆ ಸಾಧ್ಯವಾಯಿತು? ಅಲ್ಲಿ ರಾಷ್ಟ್ರೀಯ ಕ್ರೀಡಾ ಒಕ್ಕೂಟ ಹುಟ್ಟಿದ್ದು 1906ರಲ್ಲಿ, ಅಂದರೆ ನಮ್ಮ ಡೆಕ್ಕನ್ ಜಿಮಖಾನಾದ ವರ್ಷದಲ್ಲೇ. 1919ರಲ್ಲಿ ಕಾರ್ಮಿಕರು ತಮ್ಮದೇ ಒಕ್ಕೂಟ ಕಟ್ಟಿಕೊಂಡರು. ನಮ್ಮ ಜಿಮಖಾನಾ ಒಂದು ಶಹರದಲ್ಲಿ ಉಳಿಯಿತು, ಅಲ್ಲಿಯ ಸಂಘಗಳು ಹಳ್ಳಿ ಹಳ್ಳಿಗೆ, ಕಾರ್ಖಾನೆಗಳಿಗೆ ಹಬ್ಬಿದವು. 1912ರ ಗೆಲುವನ್ನು ಕೇಳಿ ಓಡತೊಡಗಿದ ಹುಡುಗರಲ್ಲಿ ಪಾವೊ ನುರ್ಮಿ ಒಬ್ಬ. ತಂದೆ ತೀರಿಕೊಂಡ ಮೇಲೆ ಶಾಲೆ ಬಿಟ್ಟು, ಬೇಕರಿಯೊಂದರ ಗಾಡಿಯನ್ನು ಏರುದಾರಿಯಲ್ಲಿ ತಳ್ಳುತ್ತಿದ್ದ ಬಡ ಹುಡುಗ. ಅವನು ಆಂಟ್‌ವರ್ಪಿನಿಂದ ಮೊದಲ್ಗೊಂಡು ಮೂರು ಒಲಿಂಪಿಕ್ಕುಗಳಲ್ಲಿ 9 ಚಿನ್ನ ಗೆದ್ದ. ಜಗತ್ತಿಗೆ ಅವನ ನೆನಪು ಉಳಿದಿರುವುದು ಕೈಯಲ್ಲಿ ಗಡಿಯಾರ ಹಿಡಿದು ಓಡುತ್ತಿದ್ದವನೆಂದು. ಬಡತನದಲ್ಲಿ ನುರ್ಮಿಗೂ ನಮ್ಮ ಬರಿಗಾಲಿನ ರೈತನಿಗೂ ಹೆಚ್ಚಿನ ಅಂತರವಿರಲಿಲ್ಲ. ಅಂತರವಿದ್ದದ್ದು ಅವರ ಹಿಂದೆ ನಿಂತ ಸಮಾಜಗಳಲ್ಲಿ.

ನಮ್ಮ ಸಮಾಜ ಏನು ಮಾಡಿತು? ಪುಣೆಯಿಂದ ಬೆಳಗಾವಿಗೆ ಹೋಗುವ ಹಾದಿಯಲ್ಲಿ ಸಿಗುವ ಕರಾಡದ ಬಳಿ ಗೋಳೇಶ್ವರ ಎಂಬ ಹಳ್ಳಿಯಿದೆ. ಅಲ್ಲಿಯ ಖಾಶಾಬಾ ಜಾಧವ 1948ರಲ್ಲಿ ಲಂಡನ್ನಿನಲ್ಲಿ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಅವರಲ್ಲಿ ಹಣವಿರಲಿಲ್ಲ. ಊರವರು ವಂತಿಗೆ ಕೂಡಿಸಿದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಕೊಟ್ಟರು. ಜಾಧವರು ಕಂಚು ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬ ತಂದ ಮೊದಲ ಪದಕ ಅದು. ಕರಾಡದಲ್ಲಿ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಾಯಿತು. ಆಮೇಲೆ? ಸಾಲ ತೀರಿಸಲು ಅವರೇ ಮತ್ತೆ ಕುಸ್ತಿಯ ಕಣಕ್ಕಿಳಿಯಬೇಕಾಯಿತು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಸಂದದ್ದು ಅವರ ಮರಣಾನಂತರ. ಮಹಾರಾಷ್ಟ್ರಕ್ಕೆ ಅಂಥ ಇನ್ನೊಂದು ವೈಯಕ್ತಿಕ ಪದಕ ಬರಲು 72 ವರ್ಷ ಬೇಕಾಯಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಗುರಿಕಾರಿಕೆಯಲ್ಲಿ ಕಂಚು ಪಡೆದರು. ಮೆರವಣಿಗೆ ಮಾಡುವ ಹುರುಪು ನಮಗೆ ಎಂದೂ ಕಡಿಮೆಯಾಗಿಲ್ಲ. ಮೆರವಣಿಗೆಯ ಮುಂಚೆ ಹತ್ತು ವರ್ಷ ಕಾಯುವ ತಾಳ್ಮೆಯೇ ಕಡಿಮೆ.

ಆದರೆ ಇದೇ ನಮ್ಮ ಹಣೆಬರಹವೆನ್ನಲೂ ಕಾರಣವಿಲ್ಲ. ಕೊಡಗನ್ನು ನೋಡಿರಿ. ಅಷ್ಟು ಪುಟ್ಟ ನಾಡು ಐವತ್ತಕ್ಕೂ ಹೆಚ್ಚು ಹಾಕಿ ಆಟಗಾರರನ್ನು ದೇಶಕ್ಕೆ ಕೊಟ್ಟಿದೆ. 1972ರ ಮ್ಯೂನಿಕ್ ಕಂಚಿನ ತಂಡದಲ್ಲಿ ಎಂ. ಪಿ. ಗಣೇಶ್, 1980ರ ಮಾಸ್ಕೋ ಚಿನ್ನದ ತಂಡದಲ್ಲಿ ಎಂ. ಎಂ. ಸೋಮಯ್ಯ ಇದ್ದರು. ಆ ಪ್ರೀತಿಗೆ ಒಂದು ಹಬ್ಬದ ರೂಪ ಕೊಟ್ಟವರು ಪಾಂಡಂಡ ಕುಟ್ಟಪ್ಪನವರು. 1997ರಲ್ಲಿ ಕರಡ ಗ್ರಾಮದಲ್ಲಿ 60 ಮನೆತನಗಳ ತಂಡಗಳಿಂದ ಆರಂಭವಾದ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ 360 ತಂಡಗಳಿಗೆ ಬೆಳೆಯಿತು. ವರ್ಷಕ್ಕೊಂದು ಮನೆತನ ಖರ್ಚು ಹೊತ್ತು ನಡೆಸುತ್ತದೆ. ಅಜ್ಜ ಮೊಮ್ಮಗ, ಅತ್ತೆ ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ. ಮೈಸೂರು, ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದವರು ಅದಕ್ಕಾಗಿ ರಜೆ ಹಾಕಿ ಊರಿಗೆ ಬರುತ್ತಾರೆ.

ನಮ್ಮಂಥ ಪರಸ್ಥಳದವರಿಗೆ ಇನ್ನೂ ಹತ್ತಿರದ ಉದಾಹರಣೆ ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್. ಕೆನರಾ ಕಡೆಯಿಂದ ಬಂದು ನೆಲೆಸಿದವರು ಕಟ್ಟಿಕೊಂಡ ಸಂಸ್ಥೆ ಅದು. ಅದರ ಸಭಾಗೃಹದಲ್ಲಿ ಮದುವೆಗಳಾಗುತ್ತಿದ್ದವು, ಮದುವೆಯಿಲ್ಲದ ದಿನ ಬ್ಯಾಡ್ಮಿಂಟನ್ ಆಟ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕೆಲಸ ಹೊತ್ತಿದ್ದ ರಮೇಶ ಪಡುಕೋಣೆಯವರ ಮಗ ಪ್ರಕಾಶ ಅಲ್ಲಿಯೇ ರ‍್ಯಾಕೆಟ್ ಹಿಡಿದದ್ದು. 1962ರಲ್ಲಿ, ಏಳನೆಯ ವಯಸ್ಸಿನಲ್ಲಿ, ತಮ್ಮ ಮೊದಲ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಅವರು ಸೋತರು. ಯಾರೂ ರ‍್ಯಾಕೆಟ್ ಕಸಿದುಕೊಳ್ಳಲಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಬಂತು. ಆ ಸಭಾಗೃಹ ಯಾವ ಸರಕಾರದ ಯೋಜನೆಯೂ ಅಲ್ಲ. ಊರು ಬಿಟ್ಟು ಬಂದವರು ಕೂಡಿ ಕಟ್ಟಿದ ನಾಲ್ಕು ಗೋಡೆ.

ಇಂದು ಪುಣೆಯಲ್ಲಿ ಬಯಲಿಗೂ ಗಡಿಯಾರಕ್ಕೂ ಕೊರತೆಯಿಲ್ಲ. 1994ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಎದ್ದ ಬಾಲೇವಾಡಿಯ ಕ್ರೀಡಾ ಸಂಕುಲವಿದೆ, 2001ರಲ್ಲಿ ಆರಂಭವಾದ ಸೈನ್ಯದ ಕ್ರೀಡಾ ಸಂಸ್ಥೆಯಿದೆ. ಅಲ್ಲಿಯ ಮೈದಾನಕ್ಕೆ 2021ರಲ್ಲಿ ನೀರಜ್ ಚೋಪ್ರಾ ಅವರ ಹೆಸರಿಟ್ಟರು. 1983ರಿಂದ ಪುಣೆ ಮ್ಯಾರಥಾನ್ ಇದೆ. ಕೊರತೆಯಿರುವುದು ನಮ್ಮ ಮನೆಗಳಲ್ಲಿ. ಒಂಬತ್ತನೆಯ ಇಯತ್ತೆ ಬಂದೊಡನೆ ಮಗನ ಬೂಟು ಅಟ್ಟ ಸೇರುತ್ತದೆ, ಮಗಳದು ಅದಕ್ಕೂ ಮುಂಚೆ. ಪರಊರಿನಲ್ಲಿ ಕಾಲೂರಿ ನಿಂತವರಿಗೆ ಮಕ್ಕಳ ನೌಕರಿಯ ಚಿಂತೆ ಸಹಜವೇ. ಹೊಲವಿಲ್ಲ, ಮನೆತನದ ವ್ಯಾಪಾರವಿಲ್ಲ, ವಿದ್ಯೆಯೊಂದೇ ಆಸ್ತಿ. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಭಯವನ್ನು ಒಂದೊಂದು ಮನೆಯೂ ಒಂಟಿಯಾಗಿ ಹೊತ್ತಾಗ ಬೂಟು ಅಟ್ಟ ಸೇರುವುದು ತಪ್ಪದು. ಹತ್ತು ಮನೆ ಕೂಡಿ ಹೊತ್ತರೆ ತಪ್ಪೀತು. ಸಂಘಗಳಿರುವುದು ಅದಕ್ಕೇ ಅಲ್ಲವೇ?

ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುವ ನಾವು, ವರ್ಷವಿಡೀ ಬೆಳಗಿನ ಐದಕ್ಕೆ ಎದ್ದು ಮೈದಾನಕ್ಕೆ ಹೋದ ಮಗುವನ್ನೂ ಅದೇ ವೇದಿಕೆಗೆ ಕರೆಯೋಣ, ಗೆದ್ದಿರಲಿ ಬಿಡಲಿ. ವರ್ಷಕ್ಕೊಂದು ಭಾನುವಾರ ಕುಟುಂಬಗಳ ಓಟವಾಗಲಿ. ಅದರಲ್ಲಿ ತಾಯಂದಿರೂ ಓಡಲಿ. ಪ್ರತಿ ಮಗುವಿನ ಕಾಲವನ್ನು ಒಂದು ವಹಿಯಲ್ಲಿ ಬರೆದಿಟ್ಟು ಮರುವರ್ಷ ತೆಗೆದು ನೋಡೋಣ. ಆ ಓಟಕ್ಕೆ ಫಡೆಪ್ಪ ಚೌಗುಲೆಯವರ ಹೆಸರಿಟ್ಟರೆ, ನೂರು ವರ್ಷದ ಹಿಂದೆ ಬೆಳಗಾವಿಯಿಂದ ಹೊರಟು ಪುಣೆಯ ದಾರಿಯಾಗಿ ಆಂಟ್‌ವರ್ಪ್ ಮುಟ್ಟಿದ ಹುಡುಗನ ಋಣದಲ್ಲಿ ಒಂದು ಪಾಲನ್ನಾದರೂ ತೀರಿಸಿದಂತಾದೀತು.