ಎಮ್ಮೆಯ ಈಸು

ಧುಪದಾಳದ ಕಟ್ಟೆಯ ಮೇಲುಗಡೆ ಘಟಪ್ರಭೆ ನಿಂತ ನೀರಿನಂತೆ ಕಾಣುತ್ತದೆ. ನಾನು ಈಸು ಕಲಿತದ್ದು ಅಲ್ಲೇ, ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು. ಕಾಲು ಬಡಿದರೆ ದಂಡೆಯಿಂದ ಕಾಕಾ ಬೈಯುತ್ತಿದ್ದ: “ಸಪ್ಪಳಾ ಯಾಕ ಮಾಡ್ತೀಲೇ? ಎಮ್ಮಿ ಈಸೂದು ನೋಡು.” ಎಮ್ಮೆ ಮೂಗಷ್ಟೇ ಮೇಲಿಟ್ಟು, ನೀರು ಕಲಕದೆ ಆಚೆ ದಂಡೆ ಸೇರುತ್ತಿತ್ತು.

ಅದೇ ಈಸು ಒಂದು ನೌಕಾ ಕಮಾಂಡೊ ಪಡೆಗೂ ಪಾಠವಾಗಿತ್ತೆಂದು ತಿಳಿದದ್ದು ಬಹಳ ವರ್ಷಗಳ ಮೇಲೆ, 1971ರ ಬಾಂಗ್ಲಾ ಯುದ್ಧದ ಕತೆ ಓದುವಾಗ. ಬಾಂಗ್ಲಾದೇಶದ ಕೈಯಲ್ಲಿ ಆಗ ಒಂದು ಯುದ್ಧನೌಕೆಯೂ ಇರಲಿಲ್ಲ. ಫ್ರಾನ್ಸಿನ ತುಲೋನ್‌ನಲ್ಲಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ‘ಮ್ಯಾಂಗ್ರೋ’ದಿಂದ ಎಂಟು ಬಂಗಾಳಿ ನಾವಿಕರು ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರನ್ನು ಜೊತೆಗಿಟ್ಟುಕೊಂಡು ನಮ್ಮ ನೌಕಾಪಡೆ ಪ್ಲಾಸಿಯ ಹತ್ತಿರ, ಭಾಗೀರಥಿಯ ದಂಡೆಗೆ ಗುಟ್ಟಿನ ಶಿಬಿರ ಹೂಡಿತು. ಬಂಗಾಳದ ನವಾಬ ಸಿರಾಜುದ್ದೌಲ 1757ರಲ್ಲಿ ಸೋತ ಅದೇ ಪ್ಲಾಸಿ. ಕಲಿಯಲು ಬಂದವರು ಬಾಂಗ್ಲಾದ ಕಾಲೇಜು ಹುಡುಗರು, ರೈತರ ಮಕ್ಕಳು. ಹೊಳೆ ಅವರಿಗೆ ಹೊಸದಲ್ಲ.

ಆಮ್ಲಜನಕದ ಸಿಲಿಂಡರ್ ಇಲ್ಲ; ಎಮ್ಮೆಯಂತೆ ಮೂಗಷ್ಟೇ ಮೇಲಿಟ್ಟು ಈಸಬೇಕು. ಒಂದು ಚಡ್ಡಿ, ಕಾಲಿಗೆ ರಬ್ಬರಿನ ಕಪ್ಪೆಗಾಲು, ಒಂದು ಚಾಕು. ಹಡಗಿನ ತಳಕ್ಕೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಲಿಂಪೆಟ್ ಮೈನನ್ನು ಗಮ್ಚಾದಿಂದ ಹೊಟ್ಟೆಗೆ ಬಿಗಿದುಕೊಳ್ಳಬೇಕು; ಗಮ್ಚಾ ಅಂದರೆ ನಮ್ಮ ಹೆಗಲ ಮೇಲಿನ ವಸ್ತ್ರವೇ. ನೀರು ತಾಗಿ ಕರಗುವ ಬಿರಡೆ ಕರಗಿದ ಮೇಲೆ ಮೈನು ಸಿಡಿಯುತ್ತದೆ. ಹಡಗು ಮುಟ್ಟುವ ಮೊದಲೇ ಅದು ಕರಗಬಾರದಲ್ಲ? ಅದಕ್ಕೆ ನಿರೋಧ್ ತೊಡಿಸಿದರು. ಇದನ್ನು ಹೇಳಿದಾಗ ನಮ್ಮೂರ ಚಹಾದಂಗಡಿಯಲ್ಲಿ ಯಾರೂ ನಂಬಲಿಲ್ಲ.

ಸನ್ನೆ ಬಂದದ್ದು ಕೋಲ್ಕತ್ತ ಆಕಾಶವಾಣಿಯಿಂದ. ಒಂದು ಹಾಡು ಬಂದರೆ ಸಿದ್ಧವಾಗಿರಿ, ಎರಡನೆಯದು ಬಂದರೆ ಆ ರಾತ್ರಿಯೇ ಇಳಿಯಿರಿ. ಆಗಸ್ಟ್ 15ರ ರಾತ್ರಿ ಚಿತ್ತಗಾಂಗ್, ಮೊಂಗ್ಲಾ, ಚಾಂದ್‌ಪುರ, ನಾರಾಯಣಗಂಜ್‌ಗಳಲ್ಲಿ ಹುಡುಗರು ಒಟ್ಟಿಗೇ ನೀರಿಗಿಳಿದರು. ಚಿತ್ತಗಾಂಗಿನಲ್ಲಿ ‘ಅಲ್ ಅಬ್ಬಾಸ್’, ‘ಹೊರ್ಮುಜ್’ ಹಡಗುಗಳು ಮುಳುಗಿದವು.

ಭಾರತ ತನ್ನದೇ ನೌಕಾ ಕಮಾಂಡೊ ಪಡೆ ಕಟ್ಟಿದ್ದು 1987ರಲ್ಲಿ, ಈಗಿನ ಮಾರ್ಕೋಸ್. ಅದರ ಮೊದಲ ಅಧಿಕಾರಿಗಳು ಅಮೆರಿಕದ ಸೀಲ್ ಪಡೆಯಲ್ಲಿ ಕಲಿತು ಬಂದರು. ಪ್ಲಾಸಿಯ ಅನುಭವ ಕೈಯಲ್ಲಿದ್ದೂ ಹದಿನಾರು ವರ್ಷ ಕಾದದ್ದು ನನಗೆ ಈಗಲೂ ಸೋಜಿಗ.

ಕಾಕಾನಿಗೆ ಇದೆಲ್ಲ ಓದಿ ಹೇಳಿದೆ. ಹಡಗು ಮುಳುಗಿದ್ದು ಅವನಿಗೆ ದೊಡ್ಡದೆನಿಸಲಿಲ್ಲ. “ತಿರುಗಿ ಬರೂವಾಗ ಹೊಳಿ ಸೆಳವು ಯಾ ಕಡೆ ಇತ್ತು?” ಎಂದು ಕೇಳಿದ.